ಪ್ರತಿಭಾವಂತ ಮಕ್ಕಳನ್ನು ಕರೆಸಿ ಚಪ್ಪಾಳೆ ಹೊಡೆಸಿದ್ದಾಯ್ತು, ಮುಂದೆ?

ಸಂಪಾದಕರಿಗೆ,

ಮಾನ್ಯರೇ,

ಮೊನ್ನೆ ಭಾನುವಾರ ನಮ್ಮೂರಲ್ಲಿ ನಡೆದ ಪ್ರತಿಭಾವಂತ ಮಕ್ಕಳ ಕಾರ್ಯಾಗಾರದ ವರದಿಯನ್ನು ನಿಮ್ಮ ಜಿಲ್ಲಾ ಪುಟದಲ್ಲಿ ನೋಡಿದೆ. ಫೋಟೊ ಚೆನ್ನಾಗಿ ಬಂದಿದೆ. ದೀಪ ಹಚ್ಚಿದವರು, ಪಕ್ಕದಲ್ಲಿ ನಿಂತವರು, ಅವರ ಹಿಂದೆ ಕತ್ತು ಚಾಚಿದವರು ಎಲ್ಲರೂ ಇದ್ದಾರೆ. ಮಕ್ಕಳು ಮಾತ್ರ ಒಬ್ಬರೂ ಇಲ್ಲ. ‘ಮಕ್ಕಳು ಉತ್ಸಾಹದಿಂದ ಪ್ರಯೋಗಗಳಲ್ಲಿ ಪಾಲ್ಗೊಂಡರು’ ಅಂತ ಬರೆದಿದ್ದೀರಿ. ಯಾವ ಪ್ರಯೋಗ ಅಂತ ನಿಮ್ಮ ವರದಿಗಾರರನ್ನು ಸ್ವಲ್ಪ ಕೇಳಿ. ಅವರು ದೀಪ ಹಚ್ಚಿದ ಕೂಡಲೇ ಬೈಕ್ ಹತ್ತಿ ಹೋದರು. ನಾನು ಮಾತ್ರ ಸಂಜೆವರೆಗೂ ಅಲ್ಲೇ ಇದ್ದೆ. ಹಿಂದಿನ ಸಾಲಿನಲ್ಲಿ, ಫ್ಯಾನ್ ತಿರುಗದ ಕಡೆ.

ನಾನು ದಾವಣಗೆರೆಯ ನಿಟ್ಟುವಳ್ಳಿಯಲ್ಲಿ ಬಟ್ಟೆ ಹೊಲಿಯುವವಳು. ಮಗ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ಏಳನೇ ತರಗತಿ. ಆರರಿಂದ ಎಂಟನೇ ತರಗತಿವರೆಗಿನ ಚುರುಕು ಮಕ್ಕಳನ್ನು ಆರಿಸಿ ಕಳಿಸಿ ಅಂತ ಶಾಲೆಗಳಿಗೆ ಸುತ್ತೋಲೆ ಬಂದಿತ್ತಂತೆ. ಯಾವತ್ತು ಬಂದಿತ್ತೋ ದೇವರಿಗೇ ಗೊತ್ತು. ನಮಗೆ ತಿಳಿದದ್ದು ಶನಿವಾರ ರಾತ್ರಿ, ಮಲಗುವ ಹೊತ್ತಿಗೆ, ವಾಟ್ಸ್‌ಆ್ಯಪ್ ಗ್ರೂಪಿನಲ್ಲಿ. ಸಮವಸ್ತ್ರ, ಶೂ ಕಡ್ಡಾಯ. ಪಾಸ್‌ಪೋರ್ಟ್ ಸೈಜ್ ಫೋಟೊ ಬೇಕು, ಆಧಾರ್ ಜೆರಾಕ್ಸ್ ಬೇಕು. ‘ಸ್ವಂತ ಮಾದರಿ ಇದ್ದಲ್ಲಿ ತರತಕ್ಕದ್ದು’. ಆ ಹೊತ್ತಿನಲ್ಲಿ ಯಾವ ಜೆರಾಕ್ಸ್ ಅಂಗಡಿ ತೆಗೆದಿರುತ್ತೆ? ಮದುವೆ ಸೀಸನ್ ಬೇರೆ. ಒಂದು ಮನೆಯವರ ಬ್ಲೌಸುಗಳನ್ನು ಭಾನುವಾರ ಸಂಜೆಗೆ ಕೊಡಬೇಕಿತ್ತು. ಹುಕ್ಸ್ ಹಚ್ಚುವುದು, ಸೀರೆಗಳಿಗೆ ಫಾಲ್ ಹಾಕುವುದು ಎಲ್ಲಾ ಹಾಗೇ ಬಿದ್ದಿತ್ತು. ಅದನ್ನೆಲ್ಲ ಬಿಟ್ಟು ಹೊರಟೆ. ಆಟೊದವನು ಭಾನುವಾರ ಅಂತ ಜಾಸ್ತಿ ಕೇಳಿದ, ಅವನ ಹತ್ತಿರ ಒಂದು ಜಗಳ ಆಯ್ತು. ಮದುವೆ ಮನೆಯವರ ಹತ್ತಿರ ಇನ್ನೊಂದು, ಅದು ಸಂಜೆಗೆ.

ಒಂಬತ್ತಕ್ಕೆ ಸರಿಯಾಗಿ ಹಾಜರಿರಬೇಕು, ತಡವಾದರೆ ಒಳಗೆ ಬಿಡುವುದಿಲ್ಲ ಅಂತ ಸಂದೇಶದಲ್ಲಿ ದಪ್ಪ ಅಕ್ಷರದಲ್ಲಿ ಹಾಕಿದ್ದರು. ಆ ನಿಯಮ ಹನ್ನೆರಡು ವರ್ಷದವರಿಗೆ ಮಾತ್ರ ಅಂತ ಆಮೇಲೆ ಗೊತ್ತಾಯ್ತು. ಮುಖ್ಯ ಅತಿಥಿಗಳು ಬಂದದ್ದು ಹನ್ನೆರಡು ಗಂಟೆ ದಾಟಿದ ಮೇಲೆ. ಅಲ್ಲಿವರೆಗೆ ಮಕ್ಕಳಿಗೆ ಏನು ಕಲಿಸಿದರು ಗೊತ್ತಾ? ಸಾಹೇಬರು ಒಳಗೆ ಬಂದಾಗ ಎದ್ದು ನಿಂತು ಒಂದೇ ಲಯದಲ್ಲಿ ಚಪ್ಪಾಳೆ ಹೊಡೆಯುವುದು. ಅದನ್ನು ಪದೇ ಪದೇ ಮಾಡಿಸಿದರು. ಆ ಒಂದು ವಿಷಯದಲ್ಲಿ ಮಕ್ಕಳು ನಿಜಕ್ಕೂ ತಯಾರಾದರು.

ಆಮೇಲೆ ಭಾಷಣ. ವೇದಿಕೆ ಮೇಲಿದ್ದ ಪ್ರತಿಯೊಬ್ಬರೂ ಅಬ್ದುಲ್ ಕಲಾಂ ಹೆಸರು ಹೇಳಿದರು. ಎಲ್ಲರೂ ಮೊಬೈಲ್ ಬಿಡಿ ಅಂದರು. ಒಬ್ಬರಿಗೆ ಹಾಗೆ ಹೇಳುವಾಗಲೇ ಫೋನ್ ಬಂತು, ಮೈಕ್ ಪಕ್ಕಕ್ಕಿಟ್ಟು ಮಾತಾಡಿದರು. ಜಮೀನಿನ ವಿಷಯ ಅಂತ ಕೇಳಿಸಿತು.

ಈಗ ನನ್ನ ಮಗನ ವಿಷಯ. ಹೊಲಿಗೆ ಮೆಷಿನ್ನಿನ ಬಾಬಿನ್, ಅಂದರೆ ಅಡಿ ದಾರ ಸುತ್ತಿದ ಸಣ್ಣ ಉರುಳೆ, ಕೆಳಗಡೆ ಇರುತ್ತೆ, ಕಣ್ಣಿಗೆ ಕಾಣುವುದಿಲ್ಲ. ಅದರ ದಾರ ಮುಗಿದರೂ ಮೆಷಿನ್ ಓಡುತ್ತಲೇ ಇರುತ್ತೆ. ಬಟ್ಟೆ ತೆಗೆದು ನೋಡಿದರೆ ಮೊಳದುದ್ದ ಹೊಲಿಗೆಯೇ ಬಿದ್ದಿರುವುದಿಲ್ಲ. ಬಾಬಿನ್ ಮುಗಿದ ಮೇಲೆ ಮೇಲಿನ ರೀಲಿನಿಂದಲೂ ದಾರ ಎಳೆದುಕೊಳ್ಳುವುದು ನಿಲ್ಲುತ್ತೆ ಅಂತ ಗಮನಿಸಿದವನು ಅವನೇ. ಇಷ್ಟು ವರ್ಷದಿಂದ ಹೊಲಿಯುವ ನನಗೆ ಅದು ಹೊಳೆದಿರಲಿಲ್ಲ. ಹಾಳಾದ ಆಟಿಕೆ ಕಾರಿನ ಬಜರ್ ಬಿಚ್ಚಿ, ರೀಲ್ ತಿರುಗುವುದು ನಿಂತರೆ ಕೂಗುವ ಹಾಗೆ ಒಂದು ಸಾಧನ ಮಾಡಿದ್ದಾನೆ. ಒಮ್ಮೊಮ್ಮೆ ಅದು ಸುಮ್ಮಸುಮ್ಮನೆ ಕೂಗುತ್ತೆ. ಯಾಕೆ ಹೀಗಾಗುತ್ತೆ ಅಂತ ತಿಳಿದವರನ್ನು ಕೇಳಬೇಕು ಅಂತಲೇ ಅವನು ಅದನ್ನು ಟವೆಲ್ಲಿನಲ್ಲಿ ಸುತ್ತಿಕೊಂಡು ಬಂದಿದ್ದು. ಆ ಒಂದು ಪ್ರಶ್ನೆ ಕೇಳಿಸಿಕೊಳ್ಳುವವರು ಇಡೀ ದಿನ ಯಾರೂ ಸಿಗಲಿಲ್ಲ.

ಮಾದರಿಗಳಿಗೆ ಅಂತ ಒಂದು ಟೇಬಲ್ ಇಟ್ಟಿದ್ದರು, ನಿಜ. ಹಾರ, ಶಾಲು, ಹಣ್ಣಿನ ಬುಟ್ಟಿ ಬಂದ ಮೇಲೆ ಟೇಬಲ್ ಅವುಗಳಿಗೆ ಬೇಕಾಯ್ತು. ಮಕ್ಕಳ ಸಾಮಾನು ವೇದಿಕೆಯ ಮೆಟ್ಟಿಲ ಪಕ್ಕ ನೆಲಕ್ಕೆ ಇಳಿಯಿತು. ಜಗಳೂರು ಕಡೆಯ ಒಬ್ಬಳು ಹುಡುಗಿ ಹನಿ ನೀರಾವರಿಯ ಮಾದರಿ ತಂದಿದ್ದಳು. ಅದರ ಪೈಪು ಯಾರದೋ ಶೂಗೆ ಸಿಕ್ಕಿ ಕಿತ್ತುಹೋಯ್ತು. ಬೆಳಗಿನ ಮೊದಲ ಬಸ್ಸಿಗೆ ಅಪ್ಪನ ಜೊತೆ ಬಂದಿದ್ದ ಮಗು. ತುಳಿದವರು ‘ಅಡ್ಡ ಯಾಕೆ ಇಟ್ಟಿದ್ದೀಯಮ್ಮಾ’ ಅಂತ ಅವಳನ್ನೇ ಗದರಿದರು.

ಮಧ್ಯಾಹ್ನ ಪಲಾವ್ ಅರ್ಧ ಮಕ್ಕಳಿಗೆ ಮುಗಿದುಹೋಯ್ತು. ಉಳಿದವರು ಹೊರಗೆ ಹೋಗಿ ಮಂಡಕ್ಕಿ, ಮಿರ್ಚಿ ತಿಂದು ಬಂದೆವು. ದಾವಣಗೆರೆಯಲ್ಲಿ ಅದಕ್ಕಂತೂ ಬರ ಇಲ್ಲವಲ್ಲ. ಊಟದ ಮೇಲೆ ಬಾಹ್ಯಾಕಾಶದ ಬಗ್ಗೆ ಪರದೆ ಮೇಲೆ ಚಿತ್ರ ತೋರಿಸಿದರು, ಅಕ್ಷರ ಎಲ್ಲಾ ಇಂಗ್ಲಿಷಿನಲ್ಲಿ. ಬಂದವರಲ್ಲಿ ಹೆಚ್ಚಿನವರು ಕನ್ನಡ ಮಾಧ್ಯಮದ ಮಕ್ಕಳು. ಮೈಕ್ರೋಸ್ಕೋಪ್ ಡಬ್ಬಿಯಲ್ಲೇ ಇತ್ತು, ಹಾಗೇ ವಾಪಸ್ ಹೋಯ್ತು, ‘ಸಮಯದ ಅಭಾವ’ ಅಂತೆ. ಪ್ರಮಾಣಪತ್ರದಲ್ಲಿ ಹೆಸರಿನ ಜಾಗ ಖಾಲಿ. ಮನೆಗೆ ಹೋಗಿ ನೀವೇ ಬರೆದುಕೊಳ್ಳಿ ಅಂದರು. ಅಳತೆ ತೆಗೆದುಕೊಂಡು, ಬಟ್ಟೆ ಹೊಲಿಯದೆ, ಬರೀ ಬಿಲ್ಲು ಕೊಟ್ಟು ಕಳಿಸಿದ ಹಾಗಾಯ್ತು.

ನನಗೆ ಜಾಸ್ತಿ ಸಿಟ್ಟು ಬಂದದ್ದು ಇದಕ್ಕಲ್ಲ. ಅಷ್ಟು ಹೊತ್ತು ಮಾತಾಡಿದರಲ್ಲ, ಕೆಲಸಕ್ಕೆ ಬರುವ ಒಂದು ಮಾತು ಹೇಳಿದರಾ? ಎಂಟನೇ ತರಗತಿಯಲ್ಲಿ ಎನ್‌ಎಂಎಂಎಸ್ ಅಂತ ವಿದ್ಯಾರ್ಥಿವೇತನದ ಪರೀಕ್ಷೆ ಇದೆ. ಪಾಸಾಗಿ ಆಯ್ಕೆಯಾದರೆ ಒಂಬತ್ತರಿಂದ ಹನ್ನೆರಡನೇ ತರಗತಿವರೆಗೆ ವರ್ಷಕ್ಕೆ 12,000 ರೂಪಾಯಿ ಬರುತ್ತೆ. ಸರ್ಕಾರಿ, ಅನುದಾನಿತ ಶಾಲೆಯ ಮಕ್ಕಳಿಗೇ ಇರುವುದು. ಮನೆಯ ಆದಾಯ ವರ್ಷಕ್ಕೆ ಮೂರೂವರೆ ಲಕ್ಷ ದಾಟಿರಬಾರದು, ಏಳನೇ ತರಗತಿಯಲ್ಲಿ ಶೇ 55 ಅಂಕ ಇರಬೇಕು. ಪರಿಶಿಷ್ಟ ಜಾತಿ, ಪಂಗಡದವರಿಗೆ ಸ್ವಲ್ಪ ರಿಯಾಯಿತಿ ಇದೆ. ಎರಡು ಪತ್ರಿಕೆ, ತಲಾ 90 ಪ್ರಶ್ನೆ, ಒಂದು ಬುದ್ಧಿಗೆ, ಒಂದು ಪಾಠಕ್ಕೆ. ಇದೆಲ್ಲ ನನಗೆ ಹೇಳಿದ್ದು ಯಾವ ಅಧಿಕಾರಿಯೂ ಅಲ್ಲ, ಬ್ಲೌಸ್ ಅಳತೆ ಕೊಡೋಕೆ ಬಂದ ಒಬ್ಬರು ಟೀಚರ್.

ಇನ್‌ಸ್ಪೈರ್ ಮಾನಕ್ ಅಂತ ಕೇಂದ್ರದ್ದು ಇನ್ನೊಂದು ಯೋಜನೆ ಇದೆ. ಆರನೇ ತರಗತಿಯಿಂದಲೇ ಮಕ್ಕಳ ಐಡಿಯಾಗಳನ್ನು ಶಾಲೆಯವರು ಆನ್‌ಲೈನಿನಲ್ಲಿ ಕಳಿಸಬೇಕು. ಆಯ್ಕೆಯಾದರೆ ಮಾದರಿ ಮಾಡೋಕೆ 10,000 ರೂಪಾಯಿ ಮಗುವಿನ ಖಾತೆಗೇ ಹಾಕುತ್ತಾರೆ. ಅದರ ಬಗ್ಗೆ ಹೋದ ವರ್ಷ ಕೇಳಿದಾಗ ಸರ್ವರ್ ಇಲ್ಲ ಅಂದರು. ಸರ್ವರ್ ಬಂದಾಗ ಕೊನೇ ದಿನಾಂಕ ಮುಗಿದಿತ್ತು. ಮೇಷ್ಟ್ರನ್ನು ಬೈದು ಪ್ರಯೋಜನ ಇಲ್ಲ, ಪಾಪ. ಪಾಠ ಮಾಡುವವರೂ ಅವರೇ, ಹಾಲು, ಮೊಟ್ಟೆ ಲೆಕ್ಕ ಬರೆಯುವವರೂ ಅವರೇ, ಸಮೀಕ್ಷೆಗೆ ಮನೆ ಮನೆ ತಿರುಗುವವರೂ ಅವರೇ.

ಪಕ್ಕದ ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ ಹತ್ತಿರ ಕುದಾಪುರದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಕ್ಯಾಂಪಸ್ಸೇ ಇದೆ. ಅಲ್ಲಿ ಶಾಲೆ ಮೇಷ್ಟ್ರುಗಳಿಗೆ ವಿಜ್ಞಾನದ ತರಬೇತಿ ಕೊಡುತ್ತಾರೆ. ಹಾರ, ಶಾಲಿನ ದುಡ್ಡಿನಲ್ಲಿ ಒಂದು ಬಸ್ಸು ಮಾಡಿ ಈ ಮಕ್ಕಳನ್ನು ಅಲ್ಲಿಗೆ ಕರೆದುಕೊಂಡು ಹೋಗಬಹುದಿತ್ತು ಅಲ್ವಾ? ಅಲ್ಲಿಗೆ ಹೋದರೆ ಬಜರ್ ಯಾಕೆ ಕೂಗುತ್ತೆ ಅಂತ ಹೇಳೋಕೆ ಒಬ್ಬರಾದರೂ ಸಿಗುತ್ತಿದ್ದರು.

ಇನ್ನು ನವೋದಯ, ಕೇಂದ್ರದ ವಸತಿ ಶಾಲೆ. ಜಿಲ್ಲೆಗೆ ಒಂದು, ಚನ್ನಗಿರಿ ತಾಲ್ಲೂಕಿನ ದೇವರಹಳ್ಳಿಯಲ್ಲಿ. ಆರನೇ ತರಗತಿಗೆ ವರ್ಷಕ್ಕೆ 80 ಸೀಟು, ಅದರಲ್ಲಿ ಮುಕ್ಕಾಲು ಪಾಲು ಹಳ್ಳಿ ಮಕ್ಕಳಿಗೆ. ಅದು ಸರಿಯೇ, ತಕರಾರಿಲ್ಲ. ಸೀಟು ಸಿಗದವರೆಲ್ಲ ಏನು ದಡ್ಡರಾ? ಭಾಷಣದಲ್ಲೇ ಒಬ್ಬರು 2020ರ ರಾಷ್ಟ್ರೀಯ ಶಿಕ್ಷಣ ನೀತಿಯಲ್ಲಿ ಇಂಥ ಮಕ್ಕಳಿಗೆ ಶಾಲೆಯಿಂದ ಜಿಲ್ಲೆವರೆಗೆ ಗಣಿತ, ವಿಜ್ಞಾನ, ಚೆಸ್, ಸಂಗೀತದ ಕೂಟಗಳನ್ನು ಮಾಡಬೇಕು ಅಂತ ಇದೆ ಅಂದರು. ಅವರ ಪಕ್ಕದಲ್ಲಿದ್ದವರು ಆ ನೀತಿ ನಮ್ಮ ರಾಜ್ಯಕ್ಕೆ ಬೇಡ ಅಂತ ಆಗಿದೆ ಅಂದರು. ಅಲ್ಲೇ ಸಣ್ಣದಾಗಿ ವಾದ ಶುರುವಾಯ್ತು. ಮಕ್ಕಳು ಅದಕ್ಕೂ ಚಪ್ಪಾಳೆ ಹೊಡೆದರು, ಕಲಿಸಿದ್ದರಲ್ಲ.

ಇಲ್ಲಿ ಒಂದು ಪ್ರೌಢಶಾಲೆಯಲ್ಲಿ ಅಟಲ್ ಟಿಂಕರಿಂಗ್ ಲ್ಯಾಬ್ ಇದೆ, ಮಕ್ಕಳು ತಾವೇ ಸಾಧನ ಮಾಡಿ ಕಲಿಯೋಕೆ. ಹೆಸರು ಹೇಳುವುದಿಲ್ಲ, ಮುಂದೆ ಮಗನನ್ನು ಅಲ್ಲಿಗೇ ಸೇರಿಸಬೇಕೇನೋ. ಆರನೇ ತರಗತಿಯಿಂದ ಹನ್ನೆರಡರವರೆಗಿನ ಮಕ್ಕಳಿಗೆ ಅಂತ ಮಾಡಿದ ಲ್ಯಾಬ್ ಅದು. ಒಂದೊಂದು ಲ್ಯಾಬಿಗೆ 20 ಲಕ್ಷದವರೆಗೆ ಅನುದಾನ ಇದೆ. ನಾವು ಹೋದಾಗ ಬೀಗ. ಕೀ ಯಾರ ಹತ್ತಿರ ಅಂದರೆ ರಜೆಯಲ್ಲಿದ್ದಾರೆ. ರಜೆ ಯಾವಾಗ ಮುಗಿಯುತ್ತೆ ಅಂದರೆ ಅವರಿಗೆ ವರ್ಗ ಆಯ್ತು.

ಈ ಊರಲ್ಲಿ ಎಲ್ಲದರದ್ದೂ ಇದೇ ಕಥೆ. 2016ರಲ್ಲಿ ಸ್ಮಾರ್ಟ್ ಸಿಟಿಯ ಮೊದಲ 20 ಊರುಗಳ ಪಟ್ಟಿಯಲ್ಲಿ ದಾವಣಗೆರೆ ಬಂದಾಗ ನಾವೂ ಪಟಾಕಿ ಹೊಡೆದವರೇ. ನಮ್ಮ ಬೀದಿಯ ದೀಪ ಹೋಗಿ ಎಷ್ಟು ಕಾಲ ಆಯ್ತು ಅಂತ ಬಂದು ನೋಡಿ. ಅಶೋಕ ಟಾಕೀಸ್ ಹತ್ತಿರದ ರೈಲ್ವೆ ಗೇಟಿನ ತೊಂದರೆ ತಪ್ಪಿಸಿ ಅಂತ ಎಷ್ಟು ವರ್ಷ ಕೂಗಿದೆವು, ನೆನಪಿದೆಯಲ್ಲ? ವಿದ್ಯಾರ್ಥಿವೇತನಕ್ಕೆ ಆದಾಯ ಪ್ರಮಾಣಪತ್ರ ಮಾಡಿಸೋಕೆ ಹೋದರೆ ಆಧಾರಿನಲ್ಲಿ ಒಂದು ಅಕ್ಷರ ತಪ್ಪಿದೆ ಅಂತ ವಾಪಸ್ ಕಳಿಸುತ್ತಾರೆ. ತಪ್ಪು ಮಾಡಿದ್ದು ಅವರ ಕಂಪ್ಯೂಟರ್, ಅಲೆಯುವುದು ನಾವು. ಇದನ್ನೆಲ್ಲ ಬರೆದರೆ ನಿಮ್ಮ ಪುಟ ಸಾಲುವುದಿಲ್ಲ, ಬಿಡಿ.

ಸಂಬಂಧಪಟ್ಟವರು ಕೂಡಲೇ ಕ್ರಮ ಕೈಗೊಳ್ಳಬೇಕು. ಯಾರ ಮೇಲೆ ಅಂತ ನನ್ನನ್ನು ಕೇಳಬೇಡಿ, ಸಂಬಂಧಪಟ್ಟವರು ಯಾರು ಅಂತ ಅವರಿಗೇ ಗೊತ್ತಿರುತ್ತೆ. ಇಂಥ ಕಾರ್ಯಾಗಾರ ನಿಲ್ಲಿಸಬೇಕು. ನಿಲ್ಲಿಸುವುದೂ ಬೇಡ, ಪ್ರತಿ ತಿಂಗಳು ಮಾಡಲಿ, ಆದರೆ ಸರಿಯಾಗಿ ಮಾಡಲಿ. ಜಗಳೂರಿನ ಆ ಹುಡುಗಿಗೆ ಪೈಪಿನ ದುಡ್ಡು ಕೊಡಲಿ. ಪ್ರಮಾಣಪತ್ರದಲ್ಲಿ ಹೆಸರು ಬರೆದು ಕೊಡಲಿ, ಅಷ್ಟೂ ಆಗಲ್ವಾ? ಅದೂ ಆಗದಿದ್ದರೆ ಹಾರ, ಶಾಲು ಹಿಡಿದುಕೊಂಡು ಒಬ್ಬರಿಗೊಬ್ಬರು ಸನ್ಮಾನ ಮಾಡಿಕೊಂಡು ಕೂತಿರಲಿ. ನಮ್ಮ ಮಕ್ಕಳ ಭಾನುವಾರ ನಮಗೆ ಬಿಡಲಿ, ಚಪ್ಪಾಳೆಗೆ ಬೇರೆ ಯಾರನ್ನಾದರೂ ಕೂಲಿ ಕೊಟ್ಟು ಕರೆಸಿಕೊಳ್ಳಲಿ.

ಇಂತಿ,
ಒಬ್ಬ ತಾಯಿ
ನಿಟ್ಟುವಳ್ಳಿ, ದಾವಣಗೆರೆ
(ದಯವಿಟ್ಟು ಹೆಸರು ಹಾಕಬೇಡಿ. ಎನ್‌ಎಂಎಂಎಸ್ ಅರ್ಜಿಗೆ ಸಹಿ ಮಾಡಿಸೋಕೆ ಇವರ ಹತ್ತಿರವೇ ಹೋಗಬೇಕು.)