ಗೆಳೆಯನಿಗೊಂದು ಪತ್ರ: ಒಂದು ಚಿತ್ರ, ಎರಡು ಭಾಷೆ

ದೋಸ್ತಾ,

ಮೊನ್ನೆ ಫೋನಿನಲ್ಲಿ "ಈಗ ಯಾರಪ್ಪ ದೂರದರ್ಶನ ನೋಡ್ತಾರೆ?" ಅಂತ ನಕ್ಕೆಯಲ್ಲ, ಬಸ್ಸಿನ ಗದ್ದಲದಲ್ಲಿ ಉತ್ತರ ಕೊಡೋಕೆ ಆಗಲಿಲ್ಲ. ಈಗ ಕೂತು ಬರೆಯುತ್ತಿದ್ದೇನೆ.

ಮೊದಲು ನಿಮ್ಮ ಬೆಂಗಳೂರಿನ ಸೊಕ್ಕು ಸ್ವಲ್ಪ ಇಳಿಸುತ್ತೇನೆ. ಅಲ್ಲಿ ದೂರದರ್ಶನ ಕೇಂದ್ರ ಶುರುವಾದದ್ದು 1981ರ ನವೆಂಬರ್ 1ಕ್ಕೆ. ನಮ್ಮ ಕಲಬುರಗಿಯಲ್ಲಿ 1977ಕ್ಕೇ ಟ್ರಾನ್ಸ್‌ಮಿಟರ್ ಇತ್ತು! ಅದಕ್ಕೂ ಮೊದಲೇ, 1975ರ ಆಗಸ್ಟ್‌ನಿಂದ ಒಂದು ವರ್ಷ, ಕಲಬುರಗಿ, ರಾಯಚೂರು, ವಿಜಯಪುರ ಜಿಲ್ಲೆಗಳ ಹಳ್ಳಿಗಳಿಗೆ ಟೀವಿ ನೇರ ಉಪಗ್ರಹದಿಂದಲೇ ಬರುತ್ತಿತ್ತು. 'ಸೈಟ್' (SITE) ಅಂತ ಆ ಪ್ರಯೋಗದ ಹೆಸರು. ಉಪಗ್ರಹ ನಾಸಾದ್ದು, ನೆಲದ ಕೆಲಸ ಇಸ್ರೋದ್ದು. ಆರು ರಾಜ್ಯಗಳ ಸುಮಾರು 2400 ಹಳ್ಳಿಗಳಲ್ಲಿ ಟೀವಿ ಇಟ್ಟಿದ್ದರು.

ಅಪ್ಪ ಆಗ ಶಾಲೆ ಹುಡುಗ. ಈಗಲೂ ಅದನ್ನು ಹೇಳಲು ಕೂತರೆ ಚಹಾ ಆರಿಹೋಗುತ್ತದೆ. ಉಪಗ್ರಹದ ಸಿಗ್ನಲ್ ಹಿಡಿಯಲು ಹತ್ತಡಿ ಅಗಲದ ಛತ್ರಿ, ಕೋಳಿ ಗೂಡಿಗೆ ಬಡಿಯುವ ತಂತಿ ಜಾಳಿಗೆಯಿಂದ ಮಾಡಿದ್ದು. ಸಂಜೆಯಾದರೆ ಹೆಣ್ಣುಮಕ್ಕಳು ಒಂದು ಕಡೆ, ಗಂಡಸರು ಇನ್ನೊಂದು ಕಡೆ, ಹುಡುಗರು ಮುಂದೆ ನೆಲದ ಮೇಲೆ. ಹಿಂದಿ ಸುದ್ದಿ ಬಂತೆಂದರೆ ಗಂಡಸರು ಬೀಡಿ ಸೇದಲು ಎದ್ದು ಹೋಗುತ್ತಿದ್ದರಂತೆ. ಕನ್ನಡದಲ್ಲಿ ಒಕ್ಕಲುತನದ ಮಾತು ಶುರುವಾದರೆ ಮತ್ತೆ ಹಾಜರ್.

ನನಗೆ ಜಾಸ್ತಿ ಹಿಡಿಸಿದ್ದು ಬೇರೆ ಸಂಗತಿ. ಆ ಏರ್ಪಾಡಿನಲ್ಲಿ ಚಿತ್ರಕ್ಕೆ ಒಂದೇ ದಾರಿ, ಧ್ವನಿಗೆ ಎರಡು ದಾರಿ. ಅಂದರೆ ಒಂದೇ ಚಿತ್ರವನ್ನು ಎರಡು ಭಾಷೆಯಲ್ಲಿ ಕಳಿಸಬಹುದಿತ್ತು. ನಮ್ಮ ಕನ್ನಡ ಕಾರ್ಯಕ್ರಮಗಳೂ ತೆಲುಗಿನವೂ ಹೈದರಾಬಾದಿನಲ್ಲೇ ತಯಾರಾಗುತ್ತಿದ್ದವು. ನೀನು ತೆಲಂಗಾಣ ಗಡಿಯ ಸೇಡಂ, ಗುರುಮಠಕಲ್ ಕಡೆ ಬಂದು ನೋಡು. ಒಂದೇ ಅಂಗಡಿ ಕಟ್ಟೆಯ ಮೇಲೆ ಕನ್ನಡ, ತೆಲುಗು, ದಖನಿ, ಲಂಬಾಣಿ ನಾಲ್ಕೂ ಕಿವಿಗೆ ಬೀಳುತ್ತವೆ. ಇಂಥ ಸೀಮೆಗೆ ಆ ಎರಡು ದಾರಿ ಎಂಥ ಉಪಕಾರ, ಅಲ್ವಾ?

ಈಗಿನ ಮಾತಿಗೆ ಬರೋಣ. 2020ರಲ್ಲಿ ಶಾಲೆ ಮುಚ್ಚಿದಾಗ ಚಂದನದಲ್ಲಿ ಪಾಠ ಶುರುವಾಯಿತು, ನೆನಪಿದೆಯಾ? ನಮ್ಮೂರ ಪಕ್ಕದ ತಾಂಡಾದಲ್ಲಿ ನೆಟ್‌ವರ್ಕ್ ಬೇಕೆಂದರೆ ನೀರಿನ ಟಾಕಿ ಹತ್ತಬೇಕು. ಆದರೆ ಮಾಳಿಗೆ ಮೇಲೆ ದೂರದರ್ಶನದ ಫ್ರೀ ಡಿಶ್ ಇತ್ತು. ತಿಂಗಳಿಗೆ ಒಂದು ಪೈಸೆ ಕಟ್ಟುವ ಹಾಗಿಲ್ಲ. ಅಲ್ಲೊಬ್ಬ ಹುಡುಗಿ ಟೀವಿಯಲ್ಲಿ ಮೇಡಂ ಹೇಳಿದ್ದನ್ನೆಲ್ಲ ಪಕ್ಕದಲ್ಲಿ ಕೂತ ತಮ್ಮನಿಗೆ ಲಂಬಾಣಿಯಲ್ಲಿ ತಿರುಗಿಸಿ ಹೇಳುತ್ತಿದ್ದಳು. ಅಷ್ಟರಲ್ಲಿ ಮೇಡಂ ಮುಂದಿನ ಲೆಕ್ಕಕ್ಕೆ ಹೋಗಿರುತ್ತಿದ್ದರು. ಅವಳು ಸಿಟ್ಟಿಗೆದ್ದು ಟೀವಿಗೇ "ತಡೀರಿ ಸ್ವಲ್ಪ!" ಅನ್ನುತ್ತಿದ್ದಳು.

ನೋಡುವವರು ಇವರೇ, ದೋಸ್ತಾ. ಜಾಹೀರಾತಿನವರ ಲೆಕ್ಕಕ್ಕೆ ಸಿಗದವರು. ತಾಂಡಾದ ಹುಡುಗರಿಗೆ ಅವರ ಮಾತಿನಲ್ಲಿ ಗಣಿತ ಹೇಳಿ ಯಾವ ಖಾಸಗಿ ಚಾನೆಲ್ಲು ದುಡ್ಡು ಮಾಡೀತು? ಅದು ಸರ್ಕಾರಿ ಟೀವಿಯೇ ಮಾಡಬೇಕಾದ ಕೆಲಸ. ಹಾಗಂತ ದೂರದರ್ಶನವನ್ನು ಸುಮ್ನೆ ಹೊಗಳುತ್ತಿಲ್ಲ. ಇಡೀ ರಾಜ್ಯಕ್ಕೆ ಚಂದನ ಒಂದೇ. ಅದರ ಕನ್ನಡವೂ ಬಹುಪಾಲು ನಿಮ್ಮ ಕಡೆಯದು. 'ಥಟ್ ಅಂತ ಹೇಳಿ' 2002ರಿಂದ ಪುಸ್ತಕವನ್ನೇ ಬಹುಮಾನ ಕೊಟ್ಟುಕೊಂಡು ಬಂದಿದೆ, ಅದಕ್ಕೆ ದೊಡ್ಡ ನಮಸ್ಕಾರ. ಆದರೆ ತುಳು, ಕೊಡವ, ಬ್ಯಾರಿ, ಲಂಬಾಣಿ, ದಖನಿ ಮನೆಗಳಿಗೆ ದಿನದ ಟೀವಿ ಎಲ್ಲಿದೆ?

ಬೇರೆ ಬೇರೆ ಚಾನೆಲ್ ಬೇಕಿಲ್ಲ. ಈಗಿನ ಡಿಜಿಟಲ್ ಪ್ರಸಾರದಲ್ಲಿ ಒಂದೇ ಚಾನೆಲ್ಲಿಗೆ ಹಲವು ಧ್ವನಿ ಜೋಡಿಸಬಹುದು, ರಿಮೋಟಿನಲ್ಲಿ ಭಾಷೆ ಬದಲಿಸಿಕೊಂಡರೆ ಆಯಿತು. 1975ರಲ್ಲಿ ಜಾಳಿಗೆ ಛತ್ರಿ ಕಟ್ಟಿಕೊಂಡು ಎರಡು ಭಾಷೆ ಕಳಿಸಲು ಸಾಧ್ಯವಿತ್ತು ಅಂದಮೇಲೆ ಈಗೇನು ಕಷ್ಟ?

ನೀನು ಡಬ್ಬಿಂಗ್ ಲೈನಿನಲ್ಲಿರೋನು. ಅರ್ಧ ಗಂಟೆಯ ಒಂದು ಪಾಠಕ್ಕೆ ಲಂಬಾಣಿ ಧ್ವನಿ ಕೂಡಿಸಲು ಸ್ಟುಡಿಯೋ, ಮಾತಾಡುವವರು, ಮಿಕ್ಸಿಂಗ್ ಎಲ್ಲ ಸೇರಿ ಎಷ್ಟು ಖರ್ಚಾಗುತ್ತದೆ? ಸರಿಯಾದ ಲೆಕ್ಕ ಬರೆದು ಕಳಿಸು. ಇಲ್ಲಿಯ ಮೇಷ್ಟ್ರುಗಳು ಅರ್ಜಿ ಬರೆಯಲು ಕಾದು ಕೂತಿದ್ದಾರೆ.

ನಿನ್ನ ದೋಸ್ತ,
ಕಲಬುರಗಿಯಿಂದ