ಬೆಲ್ಲನನ್ನು ಕರೆದೊಯ್ಯುವ ಮುನ್ನ

ಧಾರವಾಡ

ಚಿ. ಮಗಳಿಗೆ ತಂದೆಯ ಅನೇಕ ಆಶೀರ್ವಾದಗಳು.

ಬರುವ ಶನಿವಾರ ಊರಿಗೆ ಬಂದು ನಾಯಿಮರಿ ಬೆಲ್ಲನನ್ನು ಬೆಂಗಳೂರಿಗೆ ಕರೆದುಕೊಂಡು ಹೋಗುವುದಾಗಿ ನೀನು ತಾಯಿಗೆ ಫೋನಿನಲ್ಲಿ ಹೇಳಿದ್ದು ತಿಳಿಯಿತು. ನೀನು ಹೊರಡುವ ಹಿಂದಿನ ರಾತ್ರಿ ನಾವಾಡಿದ ಮಾತುಗಳು ಇಬ್ಬರಿಗೂ ನೆನಪಿವೆ. ಅವನ್ನು ಮತ್ತೆ ಬರೆಯುವುದಿಲ್ಲ. ಆದರೆ ಅನಂತರದ ಈ ಒಂಬತ್ತು ವಾರಗಳಲ್ಲಿ ಮನೆಯಲ್ಲಿ ಏನು ನಡೆಯಿತೆಂದು ನಿನಗೆ ಗೊತ್ತಿಲ್ಲ. ಮರಿಯನ್ನು ನಿನ್ನ ಕೈಗೆ ಒಪ್ಪಿಸುವ ಮೊದಲು ಅದನ್ನು ತಿಳಿಸಬೇಕಾದದ್ದು ನನ್ನ ಕರ್ತವ್ಯ.

ಆ ರಾತ್ರಿ ದೇವರ ಮನೆಯ ಹೊಸ್ತಿಲಿನ ಬಳಿ ಅದು ಉಚ್ಚೆ ಹೊಯ್ದಿದ್ದನ್ನು ಕಂಡು ನಾನು ಅದರ ಕುತ್ತಿಗೆ ಹಿಡಿದು, ಮೂತಿಯನ್ನು ಒದ್ದೆ ನೆಲಕ್ಕೆ ಒತ್ತಿ, ಸುರುಳಿ ಸುತ್ತಿದ ಪತ್ರಿಕೆಯಿಂದ ಹೊಡೆದೆ. ನಾನು ಚಿಕ್ಕವನಿದ್ದಾಗ ನಮ್ಮ ಓಣಿಯಲ್ಲಿ ಎಲ್ಲರೂ ಹೀಗೆಯೇ ಮಾಡುತ್ತಿದ್ದರು, ಅದೇ ಸರಿಯಾದ ವಿಧಾನವೆಂದು ನಂಬಿದ್ದೆ. ನನ್ನ ಕೈಯಡಿಯಲ್ಲಿ ಅದು ಕಿವಿಗಳನ್ನು ಹಿಂದಕ್ಕೆ ಅಂಟಿಸಿಕೊಂಡು, ಹೊಟ್ಟೆ ನೆಲಕ್ಕೆ ತಾಗಿಸಿ, ಮತ್ತೊಮ್ಮೆ ಉಚ್ಚೆ ಹೊಯ್ದುಕೊಂಡಿತು. ಅದನ್ನು ಹಟವೆಂದು ತಿಳಿದು ಎರಡನೆಯ ಏಟು ಕೊಟ್ಟೆ. ನೀನು ಬಂದು ಮರಿಯನ್ನು ಎತ್ತಿಕೊಂಡದ್ದು ಆಮೇಲೆ. ಭಯದಿಂದ, ‘ನಾನು ಸಣ್ಣವನು, ನನ್ನನ್ನು ಬಿಟ್ಟುಬಿಡು’ ಎಂದು ದೊಡ್ಡವರೆದುರು ಶರಣಾಗುವ ಮರಿಗಳು ಹಾಗೆ ತಮಗರಿವಿಲ್ಲದೆ ಮೂತ್ರ ಬಿಡುತ್ತವೆ ಎಂದು ಪಶುವೈದ್ಯರು ಹೇಳಿದಾಗ ನಾನು ತಲೆಯೆತ್ತಲಿಲ್ಲ. ಆಗ ಅದಕ್ಕೆ ಹೆಚ್ಚೆಂದರೆ ಎಂಟು ವಾರ.

ನೀನು ಹೋದ ಮರುದಿನದಿಂದ ನಮ್ಮ ಕಣ್ಣೆದುರು ಮನೆಯೊಳಗೆ ಒಂದು ಹನಿಯೂ ಬೀಳಲಿಲ್ಲ. ‘ನೋಡು, ಎರಡೇ ಏಟಿಗೆ ಕಲಿಯಿತು’ ಎಂದು ನಿನ್ನ ತಾಯಿಗೆ ಹೆಮ್ಮೆಯಿಂದ ಹೇಳಿದೆ. ಐದನೆಯ ದಿನ ನಡುಮನೆಯಲ್ಲಿ ವಾಸನೆ ಬರತೊಡಗಿತು. ಅಜ್ಜಿಯ ಹೊಲಿಗೆ ಯಂತ್ರವನ್ನು ಗೋಡೆಯಿಂದ ಈಚೆಗೆ ಎಳೆದು ನೋಡಿದರೆ, ಕೆಂಪು ಗಾರೆಯ ನೆಲದ ಮೇಲೆ ಒಣಗಿದ ಬಿಳಿ ಅಂಚಿನ ಉಂಗುರಗಳು, ಒಂದರ ಮೇಲೊಂದು ಆರೇಳು. ಒಂದು ಇನ್ನೂ ಒದ್ದೆಯಾಗಿತ್ತು. ಅಲ್ಲಿ ಹೋಗಬೇಕಾದರೆ ಅದು ಯಂತ್ರದ ಕಾಲಿನ ಪೆಡಲಿನ ಕೆಳಗೆ ಹೊಟ್ಟೆಯೆಳೆದುಕೊಂಡು ನುಸುಳಬೇಕಿತ್ತು.

ಹೊರಗಿನ ಕಥೆ ಇದಕ್ಕಿಂತ ಕಷ್ಟದ್ದು. ಬೆಳಗಿನ ಐದು ಗಂಟೆಗೆ, ಜಿಟಿಜಿಟಿ ಮಳೆಯಲ್ಲಿ, ಹಿತ್ತಲಿನ ಕರಿಬೇವಿನ ಗಿಡದ ಬುಡದಲ್ಲಿ ಹಗ್ಗ ಹಿಡಿದು ಅರ್ಧ ಗಂಟೆ ನಿಲ್ಲುತ್ತಿದ್ದೆ. ಅದು ನೆಲ ಮೂಸುತ್ತಿತ್ತು, ಸುತ್ತು ತಿರುಗುತ್ತಿತ್ತು, ಇನ್ನೇನು ಕೂರಬೇಕು ಎನ್ನುವಾಗ ನನ್ನ ಮುಖ ನೋಡಿ ನಿಂತುಬಿಡುತ್ತಿತ್ತು. ಹೊಟ್ಟೆ ಬಿಗಿಹಿಡಿದು ಹಿಂಗಾಲು ನಡುಗುತ್ತಿದ್ದರೂ ಹೊಯ್ಯುತ್ತಿರಲಿಲ್ಲ. ಒಳಗೆ ಬಂದು ನಾನು ಚಹಾ ಕುಡಿಯಲು ಕುಳಿತೊಡನೆ ಯಂತ್ರದ ಹಿಂದೆ ಮಾಯವಾಗುತ್ತಿತ್ತು. ‘ಮನೆಯೊಳಗೆ ಹೊಯ್ಯಬಾರದು ಎಂಬುದನ್ನು ಅದು ಕಲಿತಿಲ್ಲ, ನಿಮ್ಮೆದುರು ಹೊಯ್ಯಬಾರದು ಎಂಬುದನ್ನು ಕಲಿತಿದೆ’ ಎಂದರು ವೈದ್ಯರು. ಆಗಿಹೋದ ತಪ್ಪಿಗೆ ಆಮೇಲೆ ಕೊಟ್ಟ ಶಿಕ್ಷೆಯನ್ನು ಮರಿ ಆ ತಪ್ಪಿನೊಂದಿಗೆ ಜೋಡಿಸುವುದಿಲ್ಲ, ಹೊಡೆದ ಕೈಯೊಂದಿಗೆ ಜೋಡಿಸುತ್ತದೆಯಂತೆ.

ಈ ಮಾತು ನನ್ನನ್ನು ಬಿಟ್ಟಿಲ್ಲ. ಇದನ್ನು ಬರೆಯಬೇಕೋ ಬೇಡವೋ ಎಂದು ಎರಡು ಹಾಳೆ ಹರಿದೆ. ನೀನು ಈ ಮರಿಯನ್ನು ಹಾಲಿನ ಅಂಗಡಿಯ ಬಳಿಯಿಂದ ತಂದು ಮೂರು ದಿನ ಅಟ್ಟದ ಕೋಣೆಯಲ್ಲಿ ಬಚ್ಚಿಟ್ಟಿದ್ದೆ, ತಾಯಿಗೆ ಮೊದಲ ದಿನವೇ ಗೊತ್ತಿತ್ತು. ಬೆಂಗಳೂರಿನ ಕೆಲಸಕ್ಕೆ ಅರ್ಜಿ ಹಾಕಿದ್ದು ನನಗೆ ತಿಳಿದದ್ದು ನೇಮಕದ ಪತ್ರ ಬಂದ ಮೇಲೆ. ನಾನು ನಿನ್ನ ಮೇಲೆ ಎಂದೂ ಕೈಯೆತ್ತಿದವನಲ್ಲ, ಆ ಧೈರ್ಯದಲ್ಲಿಯೇ ಇಷ್ಟು ವರ್ಷ ಇದ್ದೆ. ಕರಿಬೇವಿನ ಗಿಡದ ಕೆಳಗೆ ನಿಂತು ಆ ಮರಿ ನನ್ನ ಮುಖ ನೋಡುವುದನ್ನು ದಿನವೂ ನೋಡುತ್ತಾ, ಈ ನೋಟವನ್ನು ಮೊದಲೆಲ್ಲೋ ನೋಡಿದ್ದೇನೆ ಎನಿಸುತ್ತಿತ್ತು. ತಪ್ಪಾಯಿತು, ಮಗಳೇ. ಅಷ್ಟು ಮಾತ್ರ ಹೇಳಬಲ್ಲೆ.

ಅದನ್ನು ಸರಿಪಡಿಸಲು ನನಗೆ ಸಾಕಷ್ಟು ದಿನ ಹಿಡಿಯಿತು. ಹೊಲಿಗೆ ಯಂತ್ರದ ಸುತ್ತ ಹಲಗೆ ಅಡ್ಡವಿಟ್ಟೆವು. ಗಿಡ್ಡ ಹಗ್ಗ ತೆಗೆದು ಹತ್ತು ಮೊಳದ ನೂಲಿನ ಹಗ್ಗ ಕಟ್ಟಿ, ಹಿತ್ತಲಿಗೆ ಹೋದೊಡನೆ ಅದಕ್ಕೆ ಬೆನ್ನು ತಿರುಗಿಸಿ ನಿಲ್ಲುವುದನ್ನು ಅಭ್ಯಾಸ ಮಾಡಿಕೊಂಡೆ. ಹನ್ನೊಂದನೆಯ ಬೆಳಿಗ್ಗೆ ಬೆನ್ನ ಹಿಂದೆ ಒಣಗಿದ ಎಲೆಗಳ ಮೇಲೆ ಸರಸರ ಸದ್ದು ಕೇಳಿಸಿತು. ಮುಗಿಯುವವರೆಗೆ ಕಾದು, ಮೆಲ್ಲಗೆ ಬಗ್ಗಿ, ಬೇಯಿಸಿದ ಗಜ್ಜರಿಯ ಚೂರನ್ನು ಅಂಗೈಯಲ್ಲಿ ಹಿಡಿದೆ. ಬಹಳ ಹೊತ್ತು ಯೋಚಿಸಿ ಬಂದು ತಿಂದಿತು. ನಿನ್ನ ತಾಯಿಯನ್ನು ಎಬ್ಬಿಸಿ ಹೇಳಿದೆ. ಕಳೆದ ಮೂರು ವಾರಗಳಿಂದ ಅದು ನನ್ನೆದುರೇ, ನನ್ನ ಕಾಲ ಬಳಿಯೇ ಕೂರುತ್ತದೆ. ಹೊರಗೆ ಹೋಗಬೇಕೆನಿಸಿದಾಗ ಹಿತ್ತಲ ಬಾಗಿಲಿಗೆ ಬಂದು ನನ್ನ ಕಡೆ ತಿರುಗಿ ಕೂರುತ್ತದೆ.

ಈಗ ನನ್ನ ಭಯ ನಿನ್ನ ನಾಲ್ಕನೆಯ ಮಹಡಿಯದು. ಅದು ಮಣ್ಣಿನಲ್ಲಿ ಹುಟ್ಟಿದ ಮರಿ. ಮೊದಲ ವಾರಗಳಲ್ಲಿ ಕಾಲಡಿಗೆ ಯಾವ ನೆಲ ಸಿಗುತ್ತದೆಯೋ ಅದನ್ನೇ ಮರಿಗಳು ಮುಂದೆಯೂ ಹುಡುಕುತ್ತವೆ. ನಿನ್ನ ಮನೆಯ ಟೈಲ್ಸ್ ನೆಲದಲ್ಲಿ ಅದಕ್ಕೆ ದಾರಿ ತಪ್ಪುತ್ತದೆ, ಮೊದಲ ವಾರ ತಪ್ಪುಗಳು ಆಗಿಯೇ ಆಗುತ್ತವೆ. ಕಲಿತದ್ದನ್ನು ಮರೆತಿದೆ ಎಂದು ತಿಳಿಯಬೇಡ, ಎಂಟು ವಾರದ ಮರಿಗೆ ಕಲಿಸುವ ಹಾಗೆ ಮೊದಲಿನಿಂದ ಕಲಿಸು. ಎದ್ದ ಕೂಡಲೇ, ಉಂಡ ಕಾಲು ಗಂಟೆಯೊಳಗೆ, ಆಟ ಮುಗಿದೊಡನೆ, ಮಲಗುವ ಮೊದಲು ಹೊರಗೆ ಒಯ್ಯಬೇಕು. ಲಿಫ್ಟಿನಲ್ಲಿ ಅದನ್ನು ಕೆಳಗೆ ಬಿಡದೆ ಎತ್ತಿಕೋ. ಹೊಯ್ದ ಜಾಗದಲ್ಲಿಯೇ, ಆ ಕ್ಷಣದಲ್ಲಿಯೇ ತಿನಿಸು ಕೊಡಬೇಕು. ಮನೆಗೆ ಬಂದು ಕೊಟ್ಟರೆ ಮನೆಗೆ ಬಂದದ್ದಕ್ಕೆ ಕೊಟ್ಟಂತಾಗುತ್ತದೆ. ಒಣದ್ರಾಕ್ಷಿಯನ್ನು ಮಾತ್ರ ಕೊಡಬೇಡ, ಅದು ನಾಯಿಗಳ ಮೂತ್ರಪಿಂಡಕ್ಕೆ ವಿಷ. ಗೊತ್ತಿಲ್ಲದೆ ನಾನು ಕೊಡಲು ಹೋಗಿ ವೈದ್ಯರಿಂದ ಬೈಸಿಕೊಂಡಿದ್ದೇನೆ.

ಕೆಲಸದ ವಿಷಯ ಹೇಳಿಯೇ ತೀರಬೇಕು. ಮರಿ ಎಷ್ಟು ತಿಂಗಳಿನದೋ ಹಗಲಿನಲ್ಲಿ ಸುಮಾರು ಅಷ್ಟು ಗಂಟೆ ತಡೆಯಬಲ್ಲದು ಎಂಬುದು ಒಂದು ಅಂದಾಜು. ಬೆಲ್ಲನಿಗೆ ಈಗ ಸುಮಾರು ನಾಲ್ಕು ತಿಂಗಳು. ನೀನು ಒಂಬತ್ತು ಗಂಟೆ ಕಚೇರಿಯಲ್ಲಿದ್ದರೆ ಅದು ಹೇಗೆ ತಡೆಯಬೇಕು? ಮಧ್ಯಾಹ್ನ ಬಂದು ಕೆಳಗಿಳಿಸುವವರು ಯಾರಾದರೂ ಇದ್ದಾರೆಯೇ ಎಂಬುದನ್ನು ಶನಿವಾರಕ್ಕೆ ಮುಂಚೆ ಗಟ್ಟಿ ಮಾಡಿಕೋ. ಉಚ್ಚೆ ಕಡಿಮೆಯಾಗಲೆಂದು ನೀರಿನ ಬಟ್ಟಲನ್ನು ಎತ್ತಿಡಬಾರದು. ಪದೇಪದೇ ಹನಿಹನಿಯಾಗಿ ಹೊಯ್ದರೆ ಅದು ಅಶಿಸ್ತಲ್ಲ, ಸೋಂಕಾಗಿರಬಹುದು, ವೈದ್ಯರಿಗೆ ತೋರಿಸು. ಫಿನಾಯಿಲ್ ಹಾಕಿ ಒರೆಸಬೇಡ; ನಮ್ಮ ಮೂಗಿಗೆ ವಾಸನೆ ಹೋಗುತ್ತದೆ, ಅದರ ಮೂಗಿಗೆ ಹೋಗುವುದಿಲ್ಲ, ಪಾದ ನೆಕ್ಕಿಕೊಂಡರೆ ಹೊಟ್ಟೆಗೆ ಅಪಾಯ ಬೇರೆ. ಸಾಕುಪ್ರಾಣಿಗಳ ಅಂಗಡಿಯಲ್ಲಿ ಸಿಗುವ, ಉಚ್ಚೆಯ ವಾಸನೆಯನ್ನೇ ಒಡೆದುಹಾಕುವ ಕಿಣ್ವದ (ಎನ್ಜೈಮ್) ದ್ರಾವಣ ಉತ್ತಮ. ಓದಿದ ಪತ್ರಿಕೆಯನ್ನು ನೆಲದ ಮೇಲೆ ಹಾಸಿ ಕಲಿಸಬೇಡ, ಆಮೇಲೆ ಯಾವ ಕಾಗದ ಕೆಳಗೆ ಬಿದ್ದರೂ ಅದಕ್ಕೆ ಅದೇ ಜಾಗವಾಗುತ್ತದೆ. ನಾಯಿಮರಿಗಳಿಗೆ ಬರುವ ಪಾರ್ವೊ ರೋಗದ ಲಸಿಕೆಯ ಮೂರು ಸುತ್ತು ಮುಗಿದಿವೆ, ರೇಬೀಸ್ ಲಸಿಕೆಯೂ ಆಗಿದೆ. ಪುಸ್ತಕ ತಾಯಿಯ ಕಪಾಟಿನಲ್ಲಿದೆ.

ಉಪದೇಶ ಮಾಡಬಾರದೆಂದು ನಿರ್ಧರಿಸಿ ಕುಳಿತವನು ಮತ್ತೆ ಅದನ್ನೇ ಮಾಡಿದ್ದೇನೆ. ನೀನು ಮೂರು ದಿನ ಅಟ್ಟದಲ್ಲಿ ಅದನ್ನು ಒಬ್ಬಳೇ ಸಾಕಿದವಳು, ರಾತ್ರಿ ಎರಡೆರಡು ಬಾರಿ ಎದ್ದು ಸದ್ದಿಲ್ಲದೆ ಮೆಟ್ಟಿಲಿಳಿದು ಹಿತ್ತಲಿಗೆ ಒಯ್ದವಳು ಎಂದು ನಿನ್ನ ತಾಯಿ ಈಚೆಗೆ ಹೇಳಿದಳು. ಹಾಗೆ ಮಾಡಬೇಕೆಂದು ನಿನಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಅದನ್ನು ಕೇಳಿ ನನಗೆ ಬಹಳ ಹೆಮ್ಮೆಯಾಯಿತು.

ಕರಿಬೇವಿನ ಬುಡದ ಮಣ್ಣನ್ನು, ಅದು ದಿನವೂ ಹೊಯ್ಯುವ ಜಾಗದ್ದನ್ನೇ ತೆಗೆದು, ಒಂದು ಗೋಣಿಚೀಲದಲ್ಲಿ ತುಂಬಿಟ್ಟಿದ್ದೇನೆ. ಅಗಲವಾದ ಟ್ರೇಯಲ್ಲಿ ಹರಡಿ ಬಾಲ್ಕನಿಯಲ್ಲಿಡು. ವಾಸನೆ ಗುರುತು ಸಿಕ್ಕರೆ ಮೊದಲ ರಾತ್ರಿಗಳಲ್ಲಿ ಅದಕ್ಕೆ ಆಸರೆಯಾಗುತ್ತದೆ. ಚೀಲ ಭಾರವಿದೆ, ನೀನು ಎತ್ತಬೇಡ. ಸ್ಟೇಶನ್ನಿನವರೆಗೆ ನಾನು ತರುತ್ತೇನೆ, ನೀನು ಒಪ್ಪುವುದಾದರೆ ಬೆಂಗಳೂರಿನವರೆಗೂ ತರುತ್ತೇನೆ. ಬೇಡವೆಂದರೆ ತಾಯಿಯ ಮೂಲಕ ಹೇಳಿ ಕಳಿಸಬೇಡ, ನನಗೇ ಹೇಳು.

ನಿನ್ನ
ಅಪ್ಪ