ಸೇಬಿನ ತೊಗಟೆಯಿಂದ ಮಾತ್ರೆಯವರೆಗೆ

ಮಾನ್ಯ ಸಂಪಾದಕರೇ,

‘ಫ್ಲೇವನಾಯ್ಡ್ ಹೇರಳವಾಗಿದೆ, ಶುಗರ್ ಇಳಿಯುತ್ತದೆ’ ಎಂದು ಮಾರುವ ಪುಡಿ, ಕಷಾಯಗಳನ್ನು ನಂಬಿ ವೈದ್ಯರು ಕೊಟ್ಟ ಮಾತ್ರೆ ಬಿಡುವವರಿದ್ದಾರೆ. ಫ್ಲೇವನಾಯ್ಡ್ ಎಂದರೆ ಗಿಡಗಳಲ್ಲಿರುವ ಒಂದು ರಾಸಾಯನಿಕ ಕುಟುಂಬ. ಆ ಕುಟುಂಬದ ವಸ್ತುವಿನಿಂದ ಮಧುಮೇಹದ ಔಷಧ ಹುಟ್ಟಿದ್ದು ನಿಜ. ಆದರೆ ಗಿಡದಲ್ಲಿದ್ದ ಹಾಗೆಯೇ ಅದು ಔಷಧವಾಗಲಿಲ್ಲ.

1835ರಲ್ಲಿ ಸೇಬಿನ ಮರದ ತೊಗಟೆಯಿಂದ ಫ್ಲೋರಿಜಿನ್ ಎಂಬ ಆ ಕುಟುಂಬದ ವಸ್ತು ಬೇರ್ಪಟ್ಟಿತು. ಅದನ್ನು ಕೊಟ್ಟರೆ ಮೂತ್ರದಲ್ಲಿ ಸಕ್ಕರೆ ಹೋಗುತ್ತದೆಂದು 1886ರಲ್ಲಿ ಜರ್ಮನ್ ವೈದ್ಯ ವಾನ್ ಮೆರಿಂಗ್ ತೋರಿಸಿದರು. ಮೂತ್ರಪಿಂಡ ದಿನಕ್ಕೆ ಸುಮಾರು 180 ಗ್ರಾಂ ಗ್ಲೂಕೋಸ್ ಸೋಸಿ, ಬಹುತೇಕ ಎಲ್ಲವನ್ನೂ ರಕ್ತಕ್ಕೆ ಮರಳಿಸುತ್ತದೆ. ಅದರಲ್ಲಿ ದೊಡ್ಡ ಪಾಲನ್ನು ಹೊರುವ ಎಸ್‌ಜಿಎಲ್‌ಟಿ-2 ಎಂಬ ಪ್ರೋಟೀನನ್ನು ಫ್ಲೋರಿಜಿನ್ ತಡೆಯುತ್ತದೆ.

ಆದರೆ ನುಂಗಿದರೆ ಅದು ಕೆಲಸಕ್ಕೆ ಬಾರದು. ಅದರೊಳಗಿನ ಗ್ಲೂಕೋಸ್ ತುಣುಕು ಆಮ್ಲಜನಕದ ಕೊಂಡಿಯಿಂದ ಅಂಟಿಕೊಂಡಿದೆ. ಸಣ್ಣ ಕರುಳಿನ ಕಿಣ್ವ ಕತ್ತರಿಸುವುದು ಆ ಕೊಂಡಿಯನ್ನೇ. ಸಾಲದ್ದಕ್ಕೆ, ಕರುಳಲ್ಲಿ ಸಕ್ಕರೆ ಹೀರುವ ಎಸ್‌ಜಿಎಲ್‌ಟಿ-1 ಎಂಬ ಪ್ರೋಟೀನನ್ನೂ ಫ್ಲೋರಿಜಿನ್ ತಡೆಯುವುದರಿಂದ ಸಕ್ಕರೆ ಕರುಳಲ್ಲೇ ಉಳಿದು ಭೇದಿಯಾಗಬಹುದು.

ಜಪಾನಿನಲ್ಲಿ ಮೊದಲು ಆ ಗ್ಲೂಕೋಸಿಗೆ ಕಿಣ್ವಕ್ಕೆ ಸಿಗದಂತೆ ಕಾರ್ಬೊನೇಟಿನ ಮುಸುಕು ತೊಡಿಸಿ ಟಿ-1095 ಎಂಬ ವಸ್ತು ಮಾಡಿದರು. ಅದು ಮಾರುಕಟ್ಟೆ ಮುಟ್ಟಲಿಲ್ಲ. ದಾರಿ ತೆರೆದದ್ದು ಆಮ್ಲಜನಕವನ್ನೇ ತೆಗೆದು, ಗ್ಲೂಕೋಸನ್ನು ಅಣುವಿನಲ್ಲಿರುವ ಇಂಗಾಲದ ಎರಡು ಉಂಗುರಗಳಲ್ಲೊಂದರ ಇಂಗಾಲಕ್ಕೆ ನೇರ ಬೆಸೆದಾಗ. ಈ ಬೆಸುಗೆ ಆ ಕಿಣ್ವಕ್ಕೆ ಜಗ್ಗುವುದಿಲ್ಲ. ಆ ಉಂಗುರಗಳ ನಡುವಿನ ಮೂರು ಇಂಗಾಲದ ಸರಪಳಿಯನ್ನು ಒಂದಕ್ಕಿಳಿಸಿ, ಒಂದು ಉಂಗುರಕ್ಕೆ ಕ್ಲೋರಿನ್, ಇನ್ನೊಂದರ ತುದಿಗೆ ಈಥಾಕ್ಸಿ ಎಂಬ ಪರಮಾಣು ಗುಂಪು ಸೇರಿಸಿದರು. ಅದೇ ಡಪಾಗ್ಲಿಫ್ಲೋಜಿನ್ ಎಂಬ ಮಧುಮೇಹದ ಔಷಧ. ಎಸ್‌ಜಿಎಲ್‌ಟಿ-1ರ ಗೊಡವೆಗೆ ಇದು ಹೆಚ್ಚು ಹೋಗುವುದಿಲ್ಲ. ದಿನಕ್ಕೊಂದು 10 ಮಿಲಿಗ್ರಾಂ ಮಾತ್ರೆ ಸಾಕು. ಭಾರತದಲ್ಲಿ 2020ರಲ್ಲಿ ಪೇಟೆಂಟ್ ಮುಗಿದ ಮೇಲೆ ಬೆಲೆಯೂ ಇಳಿದಿದೆ.

ಈ ಮಾತ್ರೆ ನುಂಗುವವರ ಮೂತ್ರದಲ್ಲಿ ಸಕ್ಕರೆ ಇದ್ದೇ ಇರುತ್ತದೆ. ಅದಕ್ಕೆ ಗಾಬರಿಯಾಗಿ ನಿಲ್ಲಿಸಬಾರದು, ನೋಡಬೇಕಾದದ್ದು ರಕ್ತದ ಸಕ್ಕರೆಯನ್ನು. ಅದೇ ಸಕ್ಕರೆಯಿಂದ ಜನನಾಂಗದಲ್ಲಿ ಶಿಲೀಂಧ್ರ ಸೋಂಕು, ತುರಿಕೆ ಬರಬಹುದು. ಸಂಕೋಚ ಬಿಟ್ಟು ವೈದ್ಯರಿಗೆ ಹೇಳಿ. ಹೆಚ್ಚು ಅಪಾಯ ಕೀಟೋ ಆಮ್ಲದ್ದು, ಅಂದರೆ ದೇಹ ಕೊಬ್ಬನ್ನು ಕರಗಿಸಿದಾಗ ರಕ್ತಕ್ಕೆ ಸೇರುವ ಆಮ್ಲದ್ದು. ಶಿವರಾತ್ರಿಯ ನಿರಾಹಾರ ಉಪವಾಸ, ವಾಂತಿ-ಭೇದಿ, ಶಸ್ತ್ರಚಿಕಿತ್ಸೆಯಂಥ ಹೊತ್ತಿನಲ್ಲಿ ರಕ್ತದ ಸಕ್ಕರೆ ಅಷ್ಟೇನೂ ಏರದೆಯೇ ಈ ಆಮ್ಲ ಏರಬಹುದು, ಹಾಗಾಗಿ ಮೀಟರ್ ನೋಡಿ ನಿಶ್ಚಿಂತರಾಗುವಂತಿಲ್ಲ. ಹೊಟ್ಟೆನೋವು, ವಾಕರಿಕೆ, ಏದುಸಿರು ಕಂಡರೆ ಕೂಡಲೇ ಆಸ್ಪತ್ರೆಗೆ ಹೋಗಬೇಕು. ಮೊದಲೇ ಗೊತ್ತಾದ ಶಸ್ತ್ರಚಿಕಿತ್ಸೆಗೆ ಕನಿಷ್ಠ 3 ದಿನ ಮುಂಚೆ, ವೈದ್ಯರನ್ನು ಕೇಳಿ, ಇದನ್ನು ನಿಲ್ಲಿಸಬೇಕು.

ಕಷಾಯ ಮಾರುವವರು ಅದರಲ್ಲಿ ಯಾವ ವಸ್ತು ಎಷ್ಟು ಮಿಲಿಗ್ರಾಂ ಇದೆ, ನುಂಗಿದ ಮೇಲೆ ರಕ್ತಕ್ಕೆ ಎಷ್ಟು ಸೇರುತ್ತದೆ ಎಂಬುದನ್ನು ಡಬ್ಬಿಯ ಮೇಲೆ ಅಚ್ಚು ಹಾಕಲಿ. ಅಂಥ ಜಾಹೀರಾತು ಪ್ರಕಟಿಸುವ ಮುನ್ನ ಪತ್ರಿಕೆಗಳೂ ಇಷ್ಟನ್ನು ಕೇಳಬೇಕೆಂದು ಕೋರುತ್ತೇವೆ.

– ಔಷಧ ವಿಜ್ಞಾನದ ಬೋಧಕರು, ಮೈಸೂರು